12 ಲೀಟರ್ ಹಾಲು ಕೊಡುವ ಹಸುವಿಗೆ ಹಿಂಡಿ, ಬೂಸಾ, ಹುಲ್ಲು ಎಷ್ಟೆಷ್ಟು? ಲೆಕ್ಕ ಹಾಕುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ದಿನಕ್ಕೆ 12 ಲೀಟರ್ ಹಾಲು. ಹಿಂಡಿ ಅಂಗಡಿಯವರು ಒಂದು ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು. ಸರಿಯಾದ ಲೆಕ್ಕ ಯಾವುದು?

ನಾನು ಪಶುವೈದ್ಯ ಅಲ್ಲ. ತುಮಕೂರು ಕಡೆ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು. ಕಲಿತದ್ದೆಲ್ಲ ಪೆಟ್ಟು ತಿಂದೇ.

ಮೊದಲು ಒಂದು ತಕ್ಕಡಿ ತನ್ನಿ. ಸುಮ್ನೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಎಲ್ಲವನ್ನೂ ಎರಡು ಲೀಟರಿನ ಒಂದು ಹಳೇ ಡಬ್ಬದಲ್ಲಿ ಅಳೆಯುತ್ತಿದ್ದೆವು. ಒಂದು ದಿನ ತೂಕ ಹಾಕಿ ನೋಡಿದೆ. ಅದೇ ಡಬ್ಬದಲ್ಲಿ ಗೋಧಿ ಬೂಸಾ ಅರ್ಧ ಕೆಜಿ ಕೂಡ ಇಲ್ಲ, ಮುಸುಕಿನ ಜೋಳದ ನುಚ್ಚು ಒಂದೂಕಾಲು ಕೆಜಿ! ನಾವು "ಎರಡೆರಡು ಡಬ್ಬ" ಅಂತ ವರ್ಷಗಟ್ಟಲೆ ಹಾಕಿದ್ದಕ್ಕೆ ಅರ್ಥವೇ ಇರಲಿಲ್ಲ.

ಹಸುವಿನ ತೂಕಕ್ಕೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ತೆಗೆಯಿರಿ. ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆಜಿ ಬರುತ್ತೆ. ನಮ್ಮ ಹಸುವಿನ ಸುತ್ತಳತೆ 68, ಉದ್ದ 58. ಲೆಕ್ಕಕ್ಕೆ 406 ಕೆಜಿ ಬಂತು. ನಿಮ್ಮದನ್ನೂ 400 ಅಂತ ಇಟ್ಟುಕೊಳ್ಳೋಣ.

ಇನ್ನು ಹಸುವಿಗೆ ಬೇಕಾದದ್ದು. ಮಿಶ್ರತಳಿ ಹಸು ತನ್ನ ತೂಕದ ಶೇ. 2.5ರಿಂದ 3ರಷ್ಟು ತಿನ್ನುತ್ತೆ. ಆದರೆ ಇದು ನೀರು ಬಿಟ್ಟು, ಒಣ ಅಂಶದ ಲೆಕ್ಕ. ಅಂದರೆ 400 ಕೆಜಿಗೆ ಹೆಚ್ಚೆಂದರೆ 12 ಕೆಜಿ. ಎಲ್ಲ ಸತ್ವವೂ ಇಷ್ಟರಲ್ಲೇ ಸಿಗಬೇಕು, ಹೊಟ್ಟೆಯಲ್ಲಿ ಅದಕ್ಕಿಂತ ಜಾಗ ಇಲ್ಲ. ನಾವು ನೋಡಬೇಕಾದ ಸತ್ವ ಮುಖ್ಯವಾಗಿ ಎರಡು: ಪ್ರೋಟೀನ್ ಮತ್ತು ಶಕ್ತಿ. ಶಕ್ತಿಯನ್ನು ಟಿಡಿಎನ್ ಅಂತ ಅಳೆಯುತ್ತಾರೆ, ಅಂದರೆ ಜೀರ್ಣವಾಗಿ ಮೈಗೆ ಹತ್ತುವ ಒಟ್ಟು ಸತ್ವ. 400 ಕೆಜಿ ಹಸು ಹಾಲು ಕೊಡದೆ ಸುಮ್ಮನೆ ನಿಂತಿದ್ದರೂ ಅದರ ಮೈಗೆ ದಿನಕ್ಕೆ ಸುಮಾರು 3.1 ಕೆಜಿ ಟಿಡಿಎನ್, 320 ಗ್ರಾಂ ಪ್ರೋಟೀನ್ ಬೇಕು. ಅದರ ಮೇಲೆ ಶೇ. 4 ಕೊಬ್ಬಿನ ಪ್ರತಿ ಲೀಟರ್ ಹಾಲಿಗೆ 320 ಗ್ರಾಂ ಟಿಡಿಎನ್, 90 ಗ್ರಾಂ ಪ್ರೋಟೀನ್. ನಿಮ್ಮ 12 ಲೀಟರಿಗೆ ಕೂಡಿಸಿದರೆ ಹತ್ತಿರ ಹತ್ತಿರ 7 ಕೆಜಿ ಟಿಡಿಎನ್, 1400 ಗ್ರಾಂ ಪ್ರೋಟೀನ್.

ಈಗ ಮೇವಿನಿಂದ ಎಷ್ಟು ಬರುತ್ತೆ ನೋಡಿ. ಹಿಂಡಿಯಿಂದ ಶುರು ಮಾಡಬೇಡಿ, ಎಲ್ಲರೂ ಎಡವುವುದು ಅಲ್ಲೇ.

25 ಕೆಜಿ ಹಸಿ ಸೀಮೆ ಹುಲ್ಲು ಅಂದರೆ ಬಹಳ ಅನ್ನಿಸುತ್ತೆ ಅಲ್ವಾ? ಅದರಲ್ಲಿ ಒಣ ಅಂಶ 5 ಕೆಜಿ ಮಾತ್ರ, ಉಳಿದದ್ದು ನೀರು. ಅದರಿಂದ ಟಿಡಿಎನ್ 2.75 ಕೆಜಿ, ಪ್ರೋಟೀನ್ 400 ಗ್ರಾಂ. ಜೊತೆಗೆ 3 ಕೆಜಿ ರಾಗಿ ಹುಲ್ಲು ಹಾಕಿದರೆ ಟಿಡಿಎನ್ ಇನ್ನೊಂದು 1.2 ಕೆಜಿ, ಪ್ರೋಟೀನ್ ಬರೀ 80 ಗ್ರಾಂ. ಎರಡೂ ಸೇರಿ 3.95 ಕೆಜಿ ಟಿಡಿಎನ್, 480 ಗ್ರಾಂ ಪ್ರೋಟೀನ್ ಆಯಿತು. ಅಂದರೆ ಮೈ ಖರ್ಚು ಮೇವಿನಲ್ಲೇ ಕಳೆದು, ಎರಡು ಲೀಟರಿನಷ್ಟು ಹಾಲೂ ಅದರಲ್ಲೇ ಬಂತು. ಉಳಿದ 3 ಕೆಜಿ ಟಿಡಿಎನ್, 920 ಗ್ರಾಂ ಪ್ರೋಟೀನಿಗೆ ಮಾತ್ರ ಕೈ ತಿಂಡಿ, ಅಂದರೆ ಹಿಂಡಿ, ಬೂಸಾ, ಫೀಡ್ ಬೇಕು. ಶೇ. 20 ಪ್ರೋಟೀನ್ ಇರುವ ಒಳ್ಳೆ ಫೀಡ್ ಆದರೆ ನಾಲ್ಕೂವರೆಯಿಂದ ಐದು ಕೆಜಿ. ಬೆಳಗ್ಗೆ ಅರ್ಧ, ಸಂಜೆ ಅರ್ಧ.

"ಎರಡೂವರೆ ಲೀಟರಿಗೆ ಒಂದು ಕೆಜಿ, ಮೈ ಖರ್ಚಿಗೆ ಅಂತ ಮೇಲೆ ಎರಡು ಕೆಜಿ" ಅನ್ನುವ ಮಾತು ನೀವೂ ಕೇಳಿರುತ್ತೀರಿ. ತಪ್ಪಲ್ಲ. ಆದರೆ ಹಸಿ ಹುಲ್ಲು ಚೆನ್ನಾಗಿರುವಾಗ ಆ ಎರಡು ಕೆಜಿ ದಂಡ.

ನನ್ನ ತಪ್ಪಿನ ಕಥೆ ಇಲ್ಲಿ ಬರುತ್ತೆ. ಹತ್ತು ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಎರಡೂವರೆ ಕೆಜಿ ಕಡಲೆಕಾಯಿ ಹಿಂಡಿ ನೆನೆಸಿ, ಒಂದು ಕೆಜಿ ಬೂಸಾ ಕಲಸಿ ಇಡುತ್ತಿದ್ದೆ. 15 ಕೆಜಿ ಸೀಮೆ ಹುಲ್ಲು, 4 ಕೆಜಿ ರಾಗಿ ಹುಲ್ಲು. ರಾಜಭೋಗ ಅಂದುಕೊಂಡಿದ್ದೆ. ಡೈರಿಯಲ್ಲಿ ನೋಡಿದರೆ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಶೇ. 8.1, ಬೇಕಾದದ್ದು 8.5. ಮೂರು ಸಲ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ. ನಮ್ಮಪ್ಪ "ಹಿಂಡಿ ಇನ್ನೂ ಸಾಲದು ಕಣೋ" ಅಂದರು. ಮೇಲಿನ ಲೆಕ್ಕ ಹಾಕಿ ನೋಡಿದಾಗ ಉಲ್ಟಾ ಇತ್ತು. ಪ್ರೋಟೀನ್ ಬೇಕಾದ್ದಕ್ಕಿಂತ 300 ಗ್ರಾಂ ಜಾಸ್ತಿ, ಟಿಡಿಎನ್ ಅರ್ಧ ಕೆಜಿಗೂ ಮೇಲೆ ಕಡಿಮೆ. ಶಕ್ತಿ ಸಾಲದಿದ್ದರೆ ಮೊದಲು ಎಸ್‌ಎನ್‌ಎಫ್ ಬೀಳುತ್ತೆ. ಜಾಸ್ತಿಯಾದ ಪ್ರೋಟೀನ್ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತೆ. ಅದನ್ನು ಹೊರಗೆ ಹಾಕುವುದಕ್ಕೂ ಹಸುವಿನ ಶಕ್ತಿಯೇ ಖರ್ಚು. ಹಿಂಡಿ ಒಂದು ಕೆಜಿ ಇಳಿಸಿ, ಎರಡು ಕೆಜಿ ಮುಸುಕಿನ ಜೋಳದ ನುಚ್ಚು ಸೇರಿಸಿದೆ. ಒಂದು ತಿಂಗಳಲ್ಲಿ ಎಸ್‌ಎನ್‌ಎಫ್ 8.5 ಮುಟ್ಟಿತು. ಮುಂದಿನ ಬೆದೆಗೆ ಹಸು ಗಬ್ಬವೂ ನಿಂತಿತು, ಅದು ಇದರಿಂದಲೇ ಅಂತ ಆಣೆ ಮಾಡಿ ಹೇಳಲ್ಲ.

ಮನೆಯಲ್ಲೇ ಫೀಡ್ ಕಲಸುವುದಾದರೆ ಒಂದು ಸುಲಭ ಚೌಕದ ಲೆಕ್ಕ ಇದೆ. ನಡುವೆ ಬೇಕಾದ ಪ್ರೋಟೀನ್ ಶೇ. 20 ಬರೆಯಿರಿ. ಎಡಗಡೆ ಮೇಲೆ ನುಚ್ಚಿನ ಪ್ರೋಟೀನ್ 9, ಕೆಳಗೆ ಕಡಲೆಕಾಯಿ ಹಿಂಡಿಯ 42. ಓರೆಯಾಗಿ ಕಳೆಯಿರಿ. 42ರಲ್ಲಿ 20 ಹೋದರೆ 22, ಅದು ನುಚ್ಚಿನ ಪಾಲು. 20ರಲ್ಲಿ 9 ಹೋದರೆ 11, ಅದು ಹಿಂಡಿಯ ಪಾಲು. ಅಂದರೆ ಎರಡು ಪಾಲು ನುಚ್ಚಿಗೆ ಒಂದು ಪಾಲು ಹಿಂಡಿ. ನಾನು ಬೂಸಾ ಬಿಡಲ್ಲ, ಹಾಗಾಗಿ ನೂರು ಕೆಜಿಗೆ ನುಚ್ಚು 40, ಬೂಸಾ 30, ಹಿಂಡಿ 27, ಖನಿಜ ಮಿಶ್ರಣ 2, ಉಪ್ಪು 1 ಹಾಕುತ್ತೇನೆ. ಪ್ರೋಟೀನ್ 20ರ ಹತ್ತಿರವೇ ಬರುತ್ತೆ. ಹಿಂಡಿ ಮುರಿದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಅಗ್ಗ ಅಂತ ತರಬೇಡಿ. ಬೂಷ್ಟಿನ ವಿಷ ಹಸುವಿನ ಈಲಿಗೂ ಹೋಗುತ್ತೆ, ಹಾಲಿಗೂ ಬರುತ್ತೆ.

ಬೇಸಿಗೆಯಲ್ಲಿ ಹಸಿ ಹುಲ್ಲೇ ಇಲ್ಲ ಅನ್ನಿ. 8 ಕೆಜಿ ರಾಗಿ ಹುಲ್ಲಿನಿಂದ ಟಿಡಿಎನ್ 3.2 ಕೆಜಿ ಸಿಗುತ್ತೆ, ಪ್ರೋಟೀನ್ ಮಾತ್ರ 200 ಗ್ರಾಂ ದಾಟುವುದೇ ಕಷ್ಟ. ಆಗ ಅದೇ 12 ಲೀಟರಿಗೆ ಫೀಡ್ 6 ಕೆಜಿ ಬೇಕಾಗುತ್ತೆ. ಅದಕ್ಕೇ ಬದುವಿನಲ್ಲಿ ಒಂದಿಷ್ಟು ಕುದುರೆ ಮೆಂತೆ, ಅಲಸಂದೆ ಹಾಕಿಕೊಳ್ಳಿ ಅನ್ನುವುದು. ಹಿಂಡಿಯ ದುಡ್ಡು ಅಲ್ಲೇ ಉಳಿಯುತ್ತೆ.

ಹಳೇ ಲೆಕ್ಕದಿಂದ ಹೊಸದಕ್ಕೆ ಹತ್ತು ಹದಿನೈದು ದಿನ ತಗೊಳ್ಳಿ. ಒಂದೇ ದಿನ ಎರಡು ಕೆಜಿ ನುಚ್ಚು ಸುರಿದರೆ ಹೊಟ್ಟೆ ಹುಳಿಯಾಗಿ ಸಗಣಿ ನೀರಾಗುತ್ತೆ. ಮೇವು ತಿಂದು ಆರಾಮಾಗಿ ಮಲಗಿದಾಗ ಮೆಲುಕು ಹಾಕುತ್ತಿದೆಯಾ ನೋಡುತ್ತಿರಿ. ಮೆಲುಕು ನಿಂತಿದ್ದರೆ ನುಚ್ಚು ನಿಲ್ಲಿಸಿ, ರಾಗಿ ಹುಲ್ಲು ಮುಂದೆ ಹಾಕಿ, ಡಾಕ್ಟರಿಗೆ ಫೋನ್ ಮಾಡಿ.