ಒಳ್ಳೆಯ ಹೆಡ್‌ಗಾರ್ಡ್ ಹಾಕಿದರೆ ಮಗನ ತಲೆಗೆ ಏನೂ ಆಗುವುದಿಲ್ಲ ಅಲ್ವಾ?

12 ವರ್ಷದ ಮಗನನ್ನು ರಗ್ಬಿಗೆ ಸೇರಿಸುತ್ತಿದ್ದೀರಿ, ಯಾವ ಹೆಡ್‌ಗಾರ್ಡ್ ಕೊಡಿಸಲಿ ಅಂತ ಕೇಳಿದ್ದೀರಿ. ಆರು ವರ್ಷ ಮಕ್ಕಳಿಗೆ ಈ ಆಟ ಕಲಿಸಿದ್ದೇನೆ. ಹೆಡ್‌ಗಾರ್ಡ್ ಆಮೇಲೆ ನೋಡೋಣ, ಮೊದಲು ಕೋಚ್ ಹೇಗಿದ್ದಾರೆ ನೋಡಿ.

ಆ ಮೆತ್ತನೆಯ ಟೋಪಿಯಿಂದ ಕಿವಿ ಉಳಿಯುತ್ತದೆ, ಚರ್ಮ ಸೀಳುವುದಿಲ್ಲ. ಅಷ್ಟೇ. ಕನ್ಕಶನ್, ಅಂದರೆ ಮಿದುಳಿಗೆ ಆಗುವ ಪೆಟ್ಟು, ಆಗುವುದು ಬುರುಡೆಯ ಒಳಗೆ. ಓಡುತ್ತಿದ್ದ ತಲೆ ಗಕ್ಕನೆ ನಿಂತರೆ ಅಥವಾ ತಿರುಚಿದರೆ ಒಳಗಿನ ಮಿದುಳು ಅಲುಗಾಡಿಬಿಡುತ್ತದೆ. ಟೋಪಿ ಇದೆ ಅನ್ನೋ ಧೈರ್ಯಕ್ಕೆ ತಲೆ ಮುಂದೆ ಮಾಡಿ ನುಗ್ಗುವ ಮಕ್ಕಳನ್ನು ನಾನೇ ನೋಡಿದ್ದೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲೂ ಹೀಗೇ ಆಗಿತ್ತು. ಗಟ್ಟಿ ಹೆಲ್ಮೆಟ್ ಬಂದ ಮೇಲೆ ಆಟಗಾರರು ಅದರಿಂದಲೇ ಗುದ್ದಲು ಶುರು ಮಾಡಿದರು. ಶಾಲಾ, ಕಾಲೇಜು ಆಟದಲ್ಲಿ 1976ರಲ್ಲಿ ಹಾಗೆ ತಲೆಯಿಂದ ಗುದ್ದುವುದನ್ನು ನಿಷೇಧಿಸಿದ ಮೇಲೆ, ಕುತ್ತಿಗೆ ಮುರಿದು ಕೈಕಾಲಿನ ಸ್ವಾಧೀನ ಕಳೆದುಕೊಳ್ಳುವವರ ಸಂಖ್ಯೆ ತುಂಬಾ ಇಳಿಯಿತು.

ಟ್ಯಾಕಲ್‌ನಲ್ಲಿ, ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವಾಗ, ತಲೆ ಎದುರಾಳಿಯ ಮುಂದೆ ಅಡ್ಡ ಬರಬಾರದು. ಕೆನ್ನೆ ಅವನ ಸೊಂಟದ ಪಕ್ಕಕ್ಕೆ, ತಾಗುವುದು ಭುಜ, ಕೈಗಳು ಸುತ್ತ ಬಿಗಿಯಾಗಿ, ಕಣ್ಣು ತೆರೆದೇ ಇರಬೇಕು. ನಾನು ಮಂಡಿಯೂರಿಸಿ ಕಲಿಸುತ್ತಿದ್ದೆ. ಅದು ಕೈಗೆ ಹತ್ತಿದ ಮೇಲೆ ನಡೆಯುತ್ತಾ, ಕೊನೆಗೆ ಓಡುತ್ತಾ. ಜೋಡಿ ಮಾಡುವಾಗ ವಯಸ್ಸಿನ ಜೊತೆ ಮೈಕಟ್ಟನ್ನೂ ನೋಡಬೇಕು.

ಒಂದು ತಪ್ಪು ನನ್ನಿಂದಲೂ ಆಗಿದೆ. ಒಬ್ಬ ಹುಡುಗ ಬಿದ್ದು ತಕ್ಷಣ ಎದ್ದ. "ಏನೂ ಆಗಿಲ್ಲ ಸರ್" ಅಂದ. ಪ್ರಜ್ಞೆ ತಪ್ಪಿರಲಿಲ್ಲ, ಆಡಲು ಬಿಟ್ಟೆ. ಐದು ನಿಮಿಷದಲ್ಲಿ ಸ್ಕೋರ್ ಎಷ್ಟು ಅಂತ ಎರಡು ಸಲ ಕೇಳಿದ. ಆಗ ನನ್ನ ಎದೆ ಧಸಕ್ಕೆಂದಿತು. ಹೆಚ್ಚಿನ ಕನ್ಕಶನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಇನ್ನೊಂದು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಅಪಾಯವಾಗಬಹುದು. ಅಪರೂಪ ನಿಜ, ಆದರೆ ಅದಕ್ಕೆ ಬಲಿಯಾದವರಲ್ಲಿ ಹದಿಹರೆಯದವರೇ ಜಾಸ್ತಿ. ಆ ಹುಡುಗ ಚೇತರಿಸಿಕೊಂಡ. ಅವತ್ತಿನಿಂದ ನಾನು ಮಕ್ಕಳ "ಏನೂ ಆಗಿಲ್ಲ"ವನ್ನು ನಂಬುವುದು ಬಿಟ್ಟೆ.

ಆದ್ದರಿಂದ ಕೋಚ್‌ಗೆ ನೇರವಾಗಿ ಕೇಳಿ: ತಲೆಗೆ ಪೆಟ್ಟಾದ ಅನುಮಾನ ಬಂದರೆ ಏನು ಮಾಡ್ತೀರಿ? "ಅವತ್ತು ಮತ್ತೆ ಆಡಿಸುವುದಿಲ್ಲ" ಅನ್ನಬೇಕು. "ಸ್ವಲ್ಪ ನೀರು ಕುಡಿಸಿ ನೋಡ್ತೀವಿ" ಅಂದರೆ ಬೇರೆ ಕ್ಲಬ್ ಹುಡುಕಿ. ಬ್ರಿಟನ್‌ನ 2023ರ ಮಾರ್ಗಸೂಚಿಯಲ್ಲಿ ಕನ್ಕಶನ್ ಆದ ಮೇಲೆ 21 ದಿನಕ್ಕೆ ಮೊದಲು ಪಂದ್ಯವೇ ಇಲ್ಲ. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಕುತ್ತಿಗೆ ನೋವು, ಫಿಟ್ಸ್ ಅಥವಾ ವಿಪರೀತ ಮಂಪರು ಬಂದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ.

ಸೇರಿಸುವ ಮುಂಚೆ ಸುಮ್ನೆ ಒಂದು ಅಭ್ಯಾಸ ನೋಡಿಬನ್ನಿ. ಮಕ್ಕಳನ್ನು ದೂರದಿಂದ ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಿದ್ದರೆ ಮಗನ ಹೆಸರು ಬರೆಸಬೇಡಿ.