ಗ್ವಿನೆದ್‌ನಲ್ಲಿ ಹಿರಿಮಗನಿಗೇ ಪಟ್ಟ ಕಟ್ಟುತ್ತಿದ್ದರಾ?

ಪ್ರಶ್ನೆ: ಉತ್ತರ ವೇಲ್ಸ್‌ನ ಗ್ವಿನೆದ್ ರಾಜ್ಯದ ಅರಸರ ಪಟ್ಟಿ ನೋಡುತ್ತಿದ್ದೆ. 825ರಲ್ಲಿ ಹವೆಲ್ ಸತ್ತ ಮೇಲೆ ಮೆರ್ವಿನ್ ಎಂಬಾತ ಬರುತ್ತಾನೆ. ಅವನು ಹಿಂದಿನ ಯಾವ ರಾಜನ ಮಗನೂ ಅಲ್ಲ. ಮತ್ತೆ ಪಟ್ಟ ಸಿಕ್ಕಿದ್ದು ಹೇಗೆ? ಹಿರಿಮಗನಿಗೇ ಸಿಂಹಾಸನ ಅನ್ನೋ ಕಟ್ಟಳೆ ಅಲ್ಲಿ ಇರಲಿಲ್ವಾ?

ಉತ್ತರ: ಇರಲಿಲ್ಲ. ಮಗನೋ ತಮ್ಮನೋ ದಾಯಾದಿಯೋ, ರಾಜಮನೆತನದ ಗಂಡಸಾಗಿದ್ದರೆ ಪಟ್ಟ ಕೇಳಬಹುದಿತ್ತು. ಉಳಿದವರನ್ನು ಹತ್ತಿಕ್ಕುವ ತಾಕತ್ತು ಬೇಕಿತ್ತು, ಅಷ್ಟೇ. ಮೆರ್ವಿನ್‌ಗಿಂತ ಮುಂಚೆ ಹವೆಲ್ ಮತ್ತು ಕನಾನ್ ಆಂಗಲ್ಸಿ ದ್ವೀಪಕ್ಕಾಗಿ ವರ್ಷಗಟ್ಟಲೆ ಬಡಿದಾಡಿದ್ದರು. 816ರಲ್ಲಿ ಕನಾನ್ ಸತ್ತ. ಹವೆಲ್ ಕೂಡ ಹೋದ ಮೇಲೆ ಮೆರ್ವಿನ್‌ಗೆ ದಾರಿ ತೆರೆಯಿತು.

ಅವನ ಹಕ್ಕು ಬಂದದ್ದು ಹೆಣ್ಣಿನ ಕಡೆಯಿಂದ. ಕನಾನನ ಮಗಳು ಎಸಿಲ್ಟ್. ಹಳೆಯ ವಂಶಾವಳಿಯೊಂದು ಆಕೆಯನ್ನು ಮೆರ್ವಿನ್‌ನ ತಾಯಿ ಎನ್ನುತ್ತದೆ, ಆಮೇಲಿನ ಕೆಲವು ಹೆಂಡತಿ ಎನ್ನುತ್ತವೆ. ತಾಯಿಯೋ ಹೆಂಡತಿಯೋ ಅನ್ನುವಷ್ಟು ಗೊಂದಲ ಇದೆ ಅಂದರೆ, ನನಗನ್ನಿಸುವುದು ಇಷ್ಟು: ಮೊದಲು ಗದ್ದುಗೆ ಹಿಡಿದ, ರಕ್ತಸಂಬಂಧದ ಲೆಕ್ಕ ಆಮೇಲೆ ಬರೆಸಿದರು. ತಂದೆ ಗುರಿಯಾದ್ ಬಹುಶಃ ಮ್ಯಾನ್ ದ್ವೀಪದವನು. ಅಲ್ಲಿ ಸಿಕ್ಕ ಕಲ್ಲೊಂದರ ಮೇಲೆ ಲ್ಯಾಟಿನ್‌ನಲ್ಲಿ ‘ಕ್ರುಕ್ಸ್ ಗುರಿಯಾತ್’, ಅಂದರೆ ಗುರಿಯಾದ್‌ನ ಶಿಲುಬೆ, ಎಂದು ಕೆತ್ತಿದೆ. ಅದು ಇದೇ ಗುರಿಯಾದ್ ಇರಬೇಕು ಎಂದು ಹಲವರು ನಂಬುತ್ತಾರೆ.

ಮೆರ್ವಿನ್ 844ರಲ್ಲಿ ತೀರಿಕೊಂಡ. ಮಗ ರೋದ್ರಿ ಪಕ್ಕದ ಪೊವಿಸ್ ರಾಜ್ಯವನ್ನೂ ಸೇರಿಸಿಕೊಂಡ. ಅಲ್ಲಿನ ಅರಸ ಕಂಗೆನ್ ರೋಮಿಗೆ ಹೋದವನು ಅಲ್ಲೇ ಕಣ್ಣುಮುಚ್ಚಿದ್ದ. 878ರಲ್ಲಿ ಇಂಗ್ಲಿಷರ ಕೈಯಲ್ಲಿ ರೋದ್ರಿ ಸತ್ತ. ಮಗ ಅನಾರೌಡ್ 881ರಲ್ಲಿ ಕಾನ್ವಿ ನದಿಯ ಬಳಿ ಅವರನ್ನು ಸೋಲಿಸಿದ. ವೇಲ್ಸ್‌ನ ವಾರ್ಷಿಕ ದಾಖಲೆ ಅದನ್ನು ರೋದ್ರಿಗಾಗಿ ದೇವರು ತೀರಿಸಿದ ಸೇಡು ಎಂದಿತು.

ಇಲ್ಲಿವರೆಗೆ ತಂದೆಯಿಂದ ಮಗನಿಗೆ ಬಂದಂತೆ ಕಾಣುತ್ತೆ, ಅಲ್ವಾ? ಆದರೆ 942ರಲ್ಲಿ ಅನಾರೌಡ್‌ನ ಮಗ ಇದ್ವಾಲ್ ಯುದ್ಧದಲ್ಲಿ ಸತ್ತಾಗ ರಾಜ್ಯ ಅವನ ಮಕ್ಕಳಿಗೆ ಸಿಗಲಿಲ್ಲ. ದಕ್ಷಿಣದಿಂದ ಬಂದ ದಾಯಾದಿ ಹವೆಲ್ ದಾ ಕಿತ್ತುಕೊಂಡ. 950ರಲ್ಲಿ ಅವನು ಸತ್ತ ಮೇಲೆ ಇದ್ವಾಲ್‌ನ ಮಕ್ಕಳಾದ ಯಾಗೊ, ಯೇವಾವ್ ಜೊತೆಯಾಗಿ ರಾಜ್ಯವನ್ನು ಮರಳಿ ಪಡೆದರು. ಆ ಒಗ್ಗಟ್ಟೂ ಜಾಸ್ತಿ ದಿನ ಬಾಳಲಿಲ್ಲ. ಯಾಗೊ ತನ್ನ ಒಡಹುಟ್ಟಿದವನನ್ನೇ ಸೆರೆಗೆ ಹಾಕಿದ. 979ರಲ್ಲಿ ಯೇವಾವ್‌ನ ಮಗ ಆ ದೊಡ್ಡಪ್ಪನನ್ನು ಕೆಳಗಿಳಿಸಿ ತಾನೇ ರಾಜನಾದ.