ಫಿಟ್ಸ್ ಮಾತ್ರೆಯ ನಂತರ ಚರ್ಮ ಸುಲಿಯುತ್ತಿದೆ: ಪ್ರತಿಕ್ರಿಯೆ

ಫಿಟ್ಸ್‌ಗೆ ಕಾರ್ಬಮಜೆಪಿನ್ ಮಾತ್ರೆ ಶುರುಮಾಡಿ ಎರಡು ವಾರಕ್ಕೆ ನಿಮ್ಮ ಅಮ್ಮನಿಗೆ ಜ್ವರ, ಬಾಯಿತುಂಬ ಹುಣ್ಣು, ಬೆನ್ನು ಮುಟ್ಟಿದರೆ ಚರ್ಮ ಜಾರುತ್ತಿದೆ ಅಂದಿರಿ. ಇದು ಬರೀ ಅಲರ್ಜಿ ಅಲ್ಲ, ಸ್ಟೀವನ್ಸ್-ಜಾನ್ಸನ್ ಇರಬಹುದು, ಅಂದರೆ ಔಷಧದಿಂದ ಚರ್ಮ, ಬಾಯಿ, ಕಣ್ಣಿನ ಪೊರೆ ಸುಲಿಯುವ, ಜೀವಕ್ಕೇ ಅಪಾಯದ ಕಾಯಿಲೆ. ಮುಂದಿನ ಮಾತ್ರೆ ಕೊಡಬೇಡಿ, ಈಗಲೇ 108ಕ್ಕೆ ಫೋನ್ ಮಾಡಿ. ಶಿರಸಿಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಐಸಿಯು, ಚರ್ಮತಜ್ಞರು ಇರುವಲ್ಲಿಗೆ, ಅಂದರೆ ಹುಬ್ಬಳ್ಳಿಗೆ, ಕಳಿಸಲು ಕೇಳಿ. ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ.

ಫಿಟ್ಸ್‌ಗೆ ಬದಲಿ ಔಷಧ ಬೇಕೇಬೇಕು. ಆದರೆ ಫೆನಿಟಾಯಿನ್, ಫೆನೋಬಾರ್ಬಿಟೋನ್ ಬೇಡ, ಅವೂ ಇದನ್ನೇ ಕೆರಳಿಸಬಹುದು. ಸಾಮಾನ್ಯವಾಗಿ ಲೆವೆಟಿರಾಸಿಟಮ್ ಕೊಡುತ್ತಾರೆ.

ಎತ್ತುವಾಗ ತೋಳು ಹಿಡಿದು ಎಳೆಯಬೇಡಿ, ಚರ್ಮ ಕೈಗೇ ಬರುತ್ತದೆ. ಒಗೆದ ಹತ್ತಿ ಸೀರೆ ಹಾಸಿ, ಸೀರೆ ಸಮೇತ ಎತ್ತಿ. ಗುಳ್ಳೆ ಒಡೆಯಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ ಯಾರು ಹೇಳಿದರೂ ಬೇಡ. ಸುಟ್ಟಗಾಯದ ಬಿಳಿ ಮುಲಾಮೂ ಬೇಡ, ಅದರಲ್ಲಿ ಸಲ್ಫಾ ಎಂಬ ಔಷಧ ಇರುತ್ತದೆ, ಅದೂ ಇದನ್ನೇ ಕೆರಳಿಸಬಹುದು. ಕಣ್ಣು ಕೆಂಪಾಗದಿದ್ದರೂ ಅದೇ ದಿನ ಕಣ್ಣಿನ ಡಾಕ್ಟರ್ ನೋಡಲಿ. ರೆಪ್ಪೆ ಗುಡ್ಡೆಗೆ ಅಂಟಿಕೊಂಡರೆ ದೃಷ್ಟಿಗೇ ಕುತ್ತು.